ಮರದ ಬುಡದ ಬಿಳಿ

ನಮ್ಮೂರಲ್ಲಿ ನೀರು ತಾಗಿದ ಬಣ್ಣ ನಿಲ್ಲುವುದಿಲ್ಲ. ಒಂದು ಮಳೆ ಬಿದ್ದರೆ ಸಾಕು, ಗೋಡೆ, ಬಾಗಿಲು, ಅಂಗಡಿಯ ಬೋರ್ಡು, ಎತ್ತಿನ ಕೊಂಬು, ಗುಡಿಯ ದ್ವಾರಪಾಲಕರ ಮೀಸೆ, ಎಲ್ಲವೂ ಬೆಳ್ಳಗಾಗುತ್ತವೆ. ಹೊರಗಿನಿಂದ ಬಂದ ವಸ್ತುವಿಗೂ ರಿಯಾಯಿತಿ ಇಲ್ಲ. ಕೆಂಪು ಬಸ್ಸಿನ ಡ್ರೈವರುಗಳು ಮೋಡ ಕಂಡರೆ ಊರ ಕಮಾನಿನ ಆಚೆಯೇ ಗಾಡಿ ನಿಲ್ಲಿಸಿ ಬೀಡಿ ಹಚ್ಚುತ್ತಾರೆ. ಗೊತ್ತಿಲ್ಲದ ಹೊಸಬನೊಬ್ಬ ಮಳೆಯಲ್ಲೇ ಒಳಗೆ ಬಂದು, ಬಿಳಿ ಬಸ್ಸನ್ನು ವಾಪಸು ಒಯ್ದು, ಇದು ನಿಮ್ಮದೇ ಬಸ್ಸು ಎಂದು ಡಿಪೋದವರನ್ನು ನಂಬಿಸಲು ಮೂರು ದಿನ ಒದ್ದಾಡಿದನಂತೆ. ಮದುವೆಗಳೆಲ್ಲ ಬೇಸಿಗೆಯಲ್ಲೇ. ಮದುಮಗಳು ಅತ್ತರೆ ಕಣ್ಣೀರು ಬಿದ್ದಲ್ಲೆಲ್ಲ ಸೀರೆ ಬೆಳ್ಳಗಾಗುತ್ತದೆ. ಹಾಗಾಗಿ ನಮ್ಮೂರಲ್ಲಿ ಯಾರು ಎಷ್ಟು ಅತ್ತರು ಎಂಬುದನ್ನು ಮುಚ್ಚಿಡಲು ಬರುವುದಿಲ್ಲ. ಸೆರಗು ನೋಡಿದರೆ ಸಾಕು.

ಹೋದ ಬಣ್ಣವನ್ನು ಮತ್ತೆ ತುಂಬುವವರು ನಾವು. ನಮ್ಮ ಮನೆತನಕ್ಕೆ ತುಂಬುವವರು ಎಂದೇ ಹೆಸರು. ಬಣ್ಣದ ಪುಡಿಯನ್ನು ನಾವು ಹಾಲಿನಲ್ಲಿ ಕಲಸುತ್ತೇವೆ, ನೀರು ಮುಟ್ಟಿಸುವುದಿಲ್ಲ. ಹಾಲಿಗೆ ಒಂದು ಹನಿ ನೀರು ಬೆರೆತಿದ್ದರೂ ಬಣ್ಣ ಬಟ್ಟಲಲ್ಲೇ ಕೆಡುತ್ತದೆ, ಗೋಡೆಗೆ ಹಿಡಿಯುವುದಿಲ್ಲ. ಆದ್ದರಿಂದ ನಮ್ಮೂರಿನ ಗೌಳಿಗರಷ್ಟು ಪ್ರಾಮಾಣಿಕರು ಎಲ್ಲೂ ಸಿಗುವುದಿಲ್ಲ, ಪಾಪ, ಅವರಿಗೆ ಬೇರೆ ದಾರಿಯೇ ಇಲ್ಲ. ಪ್ರತಿ ಮನೆಯಲ್ಲೂ ಒಂದು ತಗಡಿನ ಡಬ್ಬಿ ಇರುತ್ತದೆ. ಅದರೊಳಗೆ ಆ ಮನೆಯ ಗೋಡೆಯದು, ಬಾಗಿಲಿನದು, ತೊಟ್ಟಿಲಿನದು, ಹೀಗೆ ಒಂದೊಂದು ಬಣ್ಣಕ್ಕೆ ಒಂದೊಂದು ಮರದ ಚೂರು. ಅದನ್ನು ಗುರುತು ಎನ್ನುತ್ತೇವೆ. ಮಳೆ ನಿಂತ ಮೇಲೆ ಗುರುತು ನೋಡಿ ಇದ್ದದ್ದನ್ನು ಇದ್ದ ಹಾಗೆಯೇ ತುಂಬಬೇಕು. ನೀಲಿ ಬಾಗಿಲಿನ ಮನೆಯವನು ಬೇಸರವಾಗಿ ಹಳದಿ ಕೇಳಿದರೂ ಕೊಡುವಂತಿಲ್ಲ. ಗುರುತು ಕಳೆದುಹೋಗಿದ್ದರೆ ಪಕ್ಕದ ವಸ್ತುವೇ ಗುರುತು. ಒಮ್ಮೆ ತುಂಬಿದ್ದನ್ನು ಮಳೆ ತೆಗೆಯಬೇಕೇ ಹೊರತು ತುಂಬಿದವನು ತೆಗೆಯುವ ಹಾಗಿಲ್ಲ. ಈ ಕಾನೂನನ್ನೆಲ್ಲ ಬಾಯಿಪಾಠ ಮಾಡಿಕೊಂಡು ಕಾಯುವವನು ನನ್ನ ಸೋದರಮಾವ ಗುಳ್ಳಪ್ಪ. ಈಗ ಅವನಿಗೆ ಕಣ್ಣು ಮಂಜು. ಬಾಯಿ ಮಾತ್ರ ಮೊದಲಿನ ಹಾಗೆಯೇ ಇದೆ.

ನಾನು ಶಾಲೆ ಬಿಟ್ಟದ್ದು ಏಳನೆಯ ತರಗತಿಯಲ್ಲಿ. ಬಿಟ್ಟೆ ಎನ್ನುವುದು ಮರ್ಯಾದೆಯ ಮಾತು. ಪರಪ್ಪ ಮಾಸ್ತರರು ನನ್ನನ್ನು ಒಳಗೆ ಕೂರಿಸಿದ್ದೇ ಕಡಿಮೆ. ಜೂನ್ ತಿಂಗಳಲ್ಲಿ ಶಾಲೆ ಶುರು, ಜೂನ್ ತಿಂಗಳಲ್ಲೇ ಮಳೆ ಶುರು. ಗೋಡೆ ಬೆಳ್ಳಗಾದ ಕೂಡಲೇ, "ದುರುಗ್ಯಾ, ಹೊರಗ ನಡಿ, ನಿನ್ನ ಪಾಠ ಅಲ್ಲೈತಿ" ಎಂದು ಬೆತ್ತ ತೋರಿಸುತ್ತಿದ್ದರು. ಹುಡುಗರು ನಗುತ್ತಿದ್ದರು. ನಾನು ಏಣಿ ಹತ್ತಿ, ಕಿಟಕಿಯ ಹೊರಗಿನಿಂದ, ಅರ್ಧ ಕೇಳುತ್ತ ಅರ್ಧ ಬಳಿಯುತ್ತ ಮೂರು ವರ್ಷ ಕಳೆದೆ. ಒಳಗೆ ಅವರು ದೇಶಗಳ ಹೆಸರು ಹೇಳುತ್ತಿದ್ದರು, ಹೊರಗೆ ನಾನು ಹಸಿರು ಬಳಿಯುತ್ತಿದ್ದೆ. ಒಂದು ದಿನ ಬಟ್ಟಲನ್ನು ಮಾಸ್ತರರ ಮೇಜಿನ ಮೇಲೆ ಕವುಚಿ ಹಾಕಿ ಬಂದೆ. ಅವತ್ತೇ ಮುಗಿಯಿತು. ಈಗ ನನಗೆ ಇಪ್ಪತ್ತೆರಡು. ಆ ಗೋಡೆ ಕಂಡರೆ ಇವತ್ತಿಗೂ ಹಲ್ಲು ಕಡಿಯುತ್ತೇನೆ. ವರ್ಷಕ್ಕೆ ಆರು ಸಲ ಅದನ್ನು ತುಂಬುವವನೂ ನಾನೇ.

ಕಮಾನಿನ ಹತ್ತಿರ ಮೆಣಸಿನಕಾಯಿ ಭಜಿ ಮಾಡುವ ಹಂಪವ್ವನ ಗಂಡ ದ್ಯಾಮಣ್ಣ ಹಡಗಿನಲ್ಲಿ ಎಂಜಿನ್ನಿಗೆ ಎಣ್ಣೆ ಹಾಕುವ ಕೆಲಸದಲ್ಲಿದ್ದ. ಎರಡು ವರ್ಷಕ್ಕೊಮ್ಮೆ ಬರುತ್ತಿದ್ದ. ಹೋದ ವರ್ಷ ಅವನ ಬದಲು ಅವನ ಪೆಟ್ಟಿಗೆ ಬಂತು. ಎಲ್ಲೋ ಉತ್ತರದ ಬಂದರಿನಲ್ಲಿ ಜ್ವರ ಬಂದು, ಎರಡು ತಿಂಗಳು ಆಸ್ಪತ್ರೆಯಲ್ಲಿದ್ದು, ಅಲ್ಲೇ ತೀರಿಕೊಂಡಿದ್ದ. ಪೆಟ್ಟಿಗೆಯಲ್ಲಿ ಎರಡು ಅಂಗಿ, ಒಂದು ವಾಚು, ಒಂದು ಚಿತ್ರ, ಇಂಗ್ಲಿಷಿನಲ್ಲಿ ಬರೆದ ಒಂದು ಚೀಟಿ. ಚೀಟಿಯನ್ನು ಓದಿ ಹೇಳಿದವರು ಪರಪ್ಪ ಮಾಸ್ತರರು, ಇಂಗ್ಲಿಷು ಬಲ್ಲವರು ಊರಿಗೆ ಅವರೊಬ್ಬರೇ. ಚಿತ್ರ ಬರೆದವನು ಎಸ್ಟೋನಿಯಾ ಎಂಬ ದೇಶದವನು, ಚಿತ್ರದಲ್ಲಿ ಎಡಗಡೆ ಇರುವ ಮರದ ಬುಡದಲ್ಲಿ ದ್ಯಾಮಣ್ಣನಿಗೆ ಮಣ್ಣು ಕೊಟ್ಟಿದ್ದಾರೆ, ಉಳಿದದ್ದು ಏನೋ ಮರ್ಯಾದೆಯ ಮಾತು ಎಂದಿದ್ದರು.

ಈ ಸಲದ ಮೊದಲ ಮಳೆ ಮುಗಿದು ನಾವು ಅವಳ ಬಾಗಿಲು ತುಂಬಲು ಹೋದಾಗ ಹಂಪವ್ವ ಆ ಚಿತ್ರವನ್ನು ತಂದು ಮಾವನ ಮುಂದೆ ಹಿಡಿದಳು. ಹಿಡಿದಳು ಎಂದರೆ, ತೋಳು ಪೂರ್ತಿ ಚಾಚಿ, ಮುಖದಿಂದ ಆದಷ್ಟು ದೂರ ಹಿಡಿದಳು. ಅವಳ ಸೆರಗು ನೋಡಿದೆ. ಒಂದು ಕಾಲಕ್ಕೆ ಕೆಂಪಗಿತ್ತೇನೋ. ಈಗ ಮೊಳದುದ್ದಕ್ಕೂ ಬಿಳಿ.

"ಗುಳ್ಳಣ್ಣಾ, ಇದು ಅರ್ಧ ತೊಳದು ಹೋಗೇತಿ. ಹಡಗಿನ್ಯಾಗ ನೀರು ಬಡದಿರಬೇಕು. ನಮ್ಮವರು ಮಲಗಿದ ಜಾಗನ ಕಾಣವಲ್ದು. ತುಂಬಿಕೊಡು."

ಚಿತ್ರ ಎರಡು ಅಂಗೈ ಜೋಡಿಸಿದಷ್ಟು ದೊಡ್ಡದು. ಬೂದು ಸಮುದ್ರ, ಅದಕ್ಕಿಂತ ತೆಳು ಬೂದು ಆಕಾಶ. ದಂಡೆಯ ಮೇಲೆ ಕವುಚಿ ಹಾಕಿದ ಮೂರು ದೋಣಿ, ಆಚೆ ನಾಲ್ಕು ಮನೆ, ಎಡಗಡೆ ಎಲೆಯಿಲ್ಲದ ಒಂದು ಮರ. ದೋಣಿಗಳ ಬೆನ್ನು ಬಿಳಿ, ಮನೆಗಳ ಸೂರು ಬಿಳಿ, ಕೊಂಬೆಗಳ ಮೇಲ್ಭಾಗ ಬಿಳಿ, ನೆಲವಂತೂ ಮರದ ಬುಡದಿಂದ ಸಮುದ್ರದವರೆಗೆ ಪೂರ್ತಿ ಬಿಳಿ. ಮಾವ ಅದನ್ನು ಕಣ್ಣಿಗೆ ಒತ್ತುವಷ್ಟು ಹತ್ತಿರ ತಂದು ನೋಡಿ ಗೆದ್ದವನಂತೆ ತಲೆಯಾಡಿಸಿದ.

"ನೋಡಲೇ ದುರುಗ್ಯಾ. ಬಣ್ಣ ಹೋಗಿದ್ದೆಲ್ಲಾ ಮ್ಯಾಲಿನ ಮೈಯಾಗ. ಸೂರಿನ ಮ್ಯಾಲ, ದೋಣಿ ಮ್ಯಾಲ, ಟೊಂಗಿ ಮ್ಯಾಲ. ಕೆಳಗ ಮರೆ ಇದ್ದಲ್ಲಿ ಉಳದೈತಿ. ಇದಕ್ಕ ಹಡಗಿನ ನೀರಲ್ಲ, ಮಳೀನ ಬಡದೈತಿ."

ಮಾತು ಸರಿಯಾಗಿಯೇ ಇತ್ತು. ನಮ್ಮೂರಿನ ಯಾರನ್ನು ಕೇಳಿದ್ದರೂ ಅದನ್ನೇ ಹೇಳುತ್ತಿದ್ದರು. ಮಳೆ ತಿಂದ ವಸ್ತು ಇರುವುದೇ ಹಾಗೆ. ಗುರುತಿನ ಡಬ್ಬಿ ಇಲ್ಲ ಎಂದೆ. "ಪಕ್ಕದ್ದ ಗುರುತು" ಎಂದ ಮಾವ. ಮರದ ಬುಡದಲ್ಲಿ ತೊಗಟೆಗೆ ಅಂಟಿದ ಹಾಗೆ ಎಳ್ಳಿನಷ್ಟು ಹಸಿರು ಪಾಚಿ ಇತ್ತು. ಹಾಗಾದರೆ ನೆಲ ಹಸಿರು. ಮುಗಿಯಿತು. ಸಣ್ಣ ಕೆಲಸ ತನ್ನ ಕಣ್ಣಿಗೆ ಆಗದು ಎಂದು ನನ್ನ ಕೈಗೆ ಕೊಟ್ಟ.

ಚಿತ್ರವನ್ನು ಮನೆಗೆ ತಂದು ಜಗಲಿಯ ಬೆಳಕಿನಲ್ಲಿ ಇಟ್ಟುಕೊಂಡು ಹಾಲಿನಲ್ಲಿ ಹಸಿರು ಕಲಸಿದೆ. ಮನಸ್ಸಿನಲ್ಲಿ ಸಿಟ್ಟಿತ್ತು. ಊರಿನ ಗೋಡೆ ಸಾಲದು ಎಂದು ಈಗ ಪರದೇಶದ ನೆಲವನ್ನೂ ನಾನೇ ತುಂಬಬೇಕೇನು ಎಂದುಕೊಂಡು, ಅಳಿಲಿನ ಬಾಲದ ಕುಂಚದಿಂದ ಮರದ ಬುಡದಲ್ಲಿ ಶುರು ಮಾಡಿದೆ. ಎರಡು ಬೆರಳಿನಷ್ಟು ಅಗಲ ಎಳೆಯುತ್ತ ದಂಡೆಯ ಕಡೆ ಬಂದೆ. ಹಸಿರು ಚೆನ್ನಾಗಿಯೇ ಕೂತಿತು. ಸಮುದ್ರದ ಅಂಚು ತಲುಪಿದಾಗ, ಹಳೆಯ ಬಣ್ಣಕ್ಕೆ ಹೊಸದನ್ನು ಬೆಸೆಯಲು ಕರೆ ಎಲ್ಲಿದೆ ಎಂದು ಹುಡುಕಿದೆ.

ಕರೆ ಎಂದರೆ ನೀರು ನಿಂತುಹೋದ ಗೆರೆ. ನೀರು ತಿಂದ ಬಣ್ಣ ಅಂಚಿಗೆ ಬರುತ್ತ ಬರುತ್ತ ತೆಳುವಾಗುತ್ತದೆ, ಹರಿದ ಅರಿವೆಯ ತುದಿಯ ಹಾಗೆ ಎಳೆ ಎಳೆಯಾಗುತ್ತದೆ, ಕೊನೆಗೆ ಒಂದು ಕೊಳಕು ಗೆರೆ ಉಳಿಯುತ್ತದೆ. ಹತ್ತು ವರ್ಷದಿಂದ ದಿನಾ ನೋಡಿದ್ದೇನೆ, ಕತ್ತಲಲ್ಲೂ ಬೆರಳಿಗೆ ಸಿಗುತ್ತದೆ. ಇಲ್ಲಿ ಅದು ಇರಲಿಲ್ಲ. ಬದಲಿಗೆ ಸಮುದ್ರದ ಬೂದು ಬಣ್ಣ ಅಂಚಿಗೆ ಬಂದು ಇನ್ನೂ ಗಟ್ಟಿಯಾಗಿತ್ತು, ಕೂದಲೆಳೆಯಷ್ಟು ಕಪ್ಪಾಗಿ, ಅಲ್ಲಿಗೇ ನಿಂತಿತ್ತು. ಓಡಿ ಬಂದವನು ಹೊಸ್ತಿಲಲ್ಲಿ ಹೆಬ್ಬೆರಳೂರಿ ನಿಲ್ಲುವ ಹಾಗೆ. ದೋಣಿಯ ಬೆನ್ನು ನೋಡಿದೆ. ಅಲ್ಲೂ ಹಾಗೆಯೇ. ಕೊಂಬೆ ನೋಡಿದೆ. ಒಂದೊಂದು ಕೊಂಬೆಯ ಕೆಳಗೆ ಒಂದೊಂದು ಗೆರೆ, ಮೇಲೆ ಬಿಳಿ, ನಡುವೆ ಎಲ್ಲೂ ಕರೆ ಇಲ್ಲ. ಆಮೇಲೆ ಆಕಾಶ ಕಣ್ಣಿಗೆ ಬಿತ್ತು. ಮಳೆ ಬಡಿದಿದ್ದರೆ ಮೊದಲು ಹೋಗಬೇಕಾದದ್ದು ಆಕಾಶ. ಅದು ಪೂರ್ತಿ ಇತ್ತು.

ಇದು ಹೋದ ಬಣ್ಣ ಅಲ್ಲ. ಇಲ್ಲಿ ಬಣ್ಣ ಹಾಕಿಯೇ ಇಲ್ಲ. ಕೈಯಲ್ಲಿ ಕುಂಚ ಇತ್ತು, ಬಟ್ಟಲಲ್ಲಿ ಬಣ್ಣ ಇತ್ತು, ಆ ಮನುಷ್ಯ ಅಂಚಿನವರೆಗೆ ಬಂದು ಬಿಟ್ಟಿದ್ದಾನೆ.

ಹುಟ್ಟಿದಾಗಿನಿಂದ ಬಿಳಿ ಎಂದರೆ ಕಳೆದುಕೊಂಡದ್ದು ಎಂದೇ ತಿಳಿದವನು ನಾನು. ಬಿಳಿ ಕಂಡರೆ ಕೈ ತಾನಾಗಿ ಏಳುತ್ತಿತ್ತು. ಬೇಕೆಂದೇ ಬಿಟ್ಟ ಬಿಳಿಯನ್ನು ನಮ್ಮೂರಲ್ಲಿ ಯಾರೂ ನೋಡಿರಲಿಲ್ಲ. ಅದರ ಮೇಲೆ ಎರಡು ಬೆರಳಿನಗಲ ನನ್ನ ಹಸಿರು ಒದ್ದೆಯಾಗಿ ಹೊಳೆಯುತ್ತಿತ್ತು.

ಮಾವನಿಗೆ ಹೇಳಿದೆ. ಅವನು ನಕ್ಕ. "ಯಾವ ಹುಚ್ಚ ಬಣ್ಣ ಕೈಯಾಗ ಇಟಗೊಂಡು ಅರ್ಧಕ್ಕ ಬಿಡ್ತಾನೋ? ಕೂಲಿ ಕೊಡದ ಹೋಗಿರಬೇಕು. ಉಳದಿದ್ದು ತುಂಬಿ ಕೊಟ್ಟು ಬಾ. ಆಕಿಗೇನು ತಿಳಿತೈತಿ."

"ತಿಳಿಯಂಗಿಲ್ಲ ಅಂತ ಸುಳ್ಳು ತುಂಬೂದೇನು?"

"ಸುಳ್ಳು ಅಂತ ಯಾರು ಹೇಳ್ಯಾರ ನಿನಗ? ಓದಿಯೇನು?"

ಆ ಮಾತಿಗೆ ನಾನು ಹಂಪವ್ವನಲ್ಲಿಗೆ ಹೋಗಿ, ಯಾಕೆಂದು ಹೇಳದೆ ಚೀಟಿ ಇಸಿದುಕೊಂಡು, ಒಂಬತ್ತು ವರ್ಷದ ಮೇಲೆ ಮೊದಲ ಸಲ ಪರಪ್ಪ ಮಾಸ್ತರರ ಮನೆಯ ಮೆಟ್ಟಿಲು ಹತ್ತಿದೆ. ಅವರು ಈಗ ನಿವೃತ್ತರು. ಬನಿಯನ್ನಿನಲ್ಲಿ ಕೂತು ಬಾಳೆಹಣ್ಣು ತಿನ್ನುತ್ತಿದ್ದರು.

"ಏನಪಾ, ಮೇಜಿನ ಮ್ಯಾಲೆ ಸುರವಾಕ ಮತ್ತೇನರ ತಂದಿಯೇನು?"

"ಚೀಟಿ ತಂದೀನ್ರಿ. ಪೂರಾ ಓದ್ರಿ. ಮರ್ಯಾದಿ ಮಾತಂತ ಬಿಟ್ರೆಲ್ಲಾ, ಅದನ್ನೂ ಓದ್ರಿ."

ನನ್ನ ಮುಖ ನೋಡಿ ಅವರು ಹಣ್ಣು ಬದಿಗಿಟ್ಟು ಕನ್ನಡಕ ಹಾಕಿಕೊಂಡರು. ನಿಧಾನವಾಗಿ, ಒಂದೊಂದೇ ಸಾಲನ್ನು ಕನ್ನಡ ಮಾಡಿ ಹೇಳಿದರು. ನಾನು ಎಸ್ಟೋನಿಯಾದ ಚಿತ್ರಕಾರ. ಪುಸ್ತಕಗಳಿಗೆ ಮರದ ಹಲಗೆಯಲ್ಲಿ ಚಿತ್ರ ಕೊರೆದು ಅಚ್ಚು ಹಾಕುವುದು ನನ್ನ ಕೆಲಸ. ಆಸ್ಪತ್ರೆಯಲ್ಲಿ ನಿಮ್ಮ ಯಜಮಾನರ ಪಕ್ಕದ ಹಾಸಿಗೆಯಲ್ಲಿದ್ದೆ. ಒಬ್ಬರ ಭಾಷೆ ಒಬ್ಬರಿಗೆ ಬರುತ್ತಿರಲಿಲ್ಲ, ಆದರೂ ಬಹಳ ನಗುತ್ತಿದ್ದೆವು. ಎಡಗಡೆಯ ಮರದ ಬುಡದಲ್ಲಿ ಅವರನ್ನು ಮಲಗಿಸಿದೆವು. ನೀವು ಇಷ್ಟು ದೂರ ಬರಲಾರಿರಿ ಎಂದು, ಮಣ್ಣು ಕೊಟ್ಟ ದಿನ ಅಲ್ಲೇ ಕೂತು ಇದನ್ನು ನೀರುಬಣ್ಣದಲ್ಲಿ ಬರೆದೆ.

"ನೀರಿನ್ಯಾಗ?" ಎಂದೆ.

"ನೀರಿನ್ಯಾಗ. ಬಣ್ಣ ನೀರಿನ್ಯಾಗ ಕಲಿಸಿ ಬರಿಯೂದು. ಬ್ಯಾರೆ ಕಡೆ ಹಂಗೂ ಬರೀತಾರ."

ನೀರು ಬಣ್ಣವನ್ನು ಒಯ್ಯುವುದು ನನಗೆ ಗೊತ್ತಿತ್ತು. ತಂದು ಇಡುವುದೂ ನೀರೇ ಎಂದರೆ ಎಲ್ಲಿ ಕೂರಲಿ, ಎಲ್ಲಿ ನಿಲ್ಲಲಿ ತಿಳಿಯಲಿಲ್ಲ. ಆ ಆಕಾಶ ಅಷ್ಟು ಮೆತ್ತಗೆ ಸಮುದ್ರಕ್ಕೆ ಇಳಿದದ್ದು ಹೇಗೆ ಎಂಬುದು ಆಗ ಹೊಳೆಯಿತು. ಅದು ಬಳಿದದ್ದಲ್ಲ, ಹರಿದದ್ದು. ಹರಿಯುವುದನ್ನು ಬಿಟ್ಟು, ಬೇಕಾದಲ್ಲಿ ನಿಲ್ಲಿಸಿದ್ದ ಆ ಮನುಷ್ಯ.

ಮಾಸ್ತರರು ಕೊನೆಯ ಸಾಲುಗಳಿಗೆ ಬಂದಿದ್ದರು. ಅವತ್ತು ಬೆಳಗಿನಿಂದ ಹಿಮ ಬಿದ್ದಿತ್ತು. ಹಿಮಕ್ಕೆ ನಾನು ಬಣ್ಣ ಹಚ್ಚಿಲ್ಲ, ಕಾಗದವನ್ನು ಹಾಗೆಯೇ ಬಿಟ್ಟಿದ್ದೇನೆ. ನಿಮ್ಮ ಯಜಮಾನರ ಮೇಲೆ ಬಿದ್ದ ಹಿಮವನ್ನು ಅಲ್ಲಿ ಯಾರೂ ತುಳಿಯಲಿಲ್ಲ. ನಾನೂ ಅದರ ಮೇಲೆ ಕುಂಚ ಇಡಲಿಲ್ಲ.

ಅವರು ಚೀಟಿ ಮಡಚಿದರು.

"ಹಿಮ ಅಂದ್ರ ಏನ್ರಿ?"

"ಆರನೇ ಇಯತ್ತೆಯೊಳಗ ಪಾಠ ಮಾಡೀನಲ್ಲೋ. ನೀ ಎಲ್ಲಿದ್ದಿ?"

"ನೀವು ಕಳಿಸಿದಲ್ಲಿ. ಏಣಿ ಮ್ಯಾಲೆ."

ಅವರು ಕನ್ನಡಕ ತೆಗೆದು ಪಂಚೆಯ ತುದಿಯಿಂದ ಒರೆಸಿದರು. ಒರೆಸುತ್ತಲೇ ಇದ್ದರು. ಆಮೇಲೆ, ಮುಖ ಎತ್ತದೆ, ಹಿಮದ ಪಾಠವನ್ನು ನನಗೆ ಒಬ್ಬನಿಗೇ ಮೊದಲಿನಿಂದ ಮಾಡಿದರು. ಮೋಡದಲ್ಲಿ ಹುಟ್ಟುವುದು ಹೇಗೆ, ಇಳಿಯುವುದು ಹೇಗೆ, ಹೊಳೆಗಳ ಮೇಲೆ ಜನ ನಡೆದು ಹೋಗುವುದು ಹೇಗೆ. ನಾನು ಕೆಳಗೆ ನೆಲದ ಮೇಲೆ ಕೂತು ಕೇಳಿದೆ. ಒಂಬತ್ತು ವರ್ಷದ ಸಿಟ್ಟು ಹೋಯಿತು ಎಂದು ಹೇಳಲಾರೆ. ಆದರೆ ಅಷ್ಟು ಹೊತ್ತು ಅದು ಹೊರಗೆ ಚಪ್ಪಲಿಯ ಪಕ್ಕದಲ್ಲಿತ್ತು.

ಹಂಪವ್ವ ಬಾಣಲೆಯ ಮುಂದಿದ್ದಳು. ನಾನು ಚಿತ್ರವನ್ನು ಒಣ ಬಟ್ಟೆಯಲ್ಲಿ ಸುತ್ತಿ ಎದೆಗೆ ಅವುಚಿಕೊಂಡಿದ್ದೆ. ಚೀಟಿಯಲ್ಲಿದ್ದದ್ದನ್ನು ಇದ್ದ ಹಾಗೆ ಹೇಳಿದೆ. ನಾನು ಮಾಡಿದ್ದನ್ನೂ ಹೇಳಿದೆ. ಅವಳು ಜಾರೆ ಸೌಟು ಹಿಡಿದು ನಿಂತೇ ಇದ್ದಳು, ಭಜಿ ಕರ್ರಗಾದವು. ಗಿರಾಕಿಯೊಬ್ಬ, "ಹಂಪವ್ವಾ, ನನ್ನ ಭಜಿ" ಎಂದ. "ನಿನ್ನ ಹೊಟ್ಟಿ ಸುಡ್ಲಿ, ಸುಮ್ನಿರು" ಎಂದಳು ಅವಳು.

ಆಮೇಲೆ ಕೇಳಿದಳು. "ಆ ಹಿಮ ಅನ್ನೂದು ಮಳಿ ಹಂಗ ಬೀಳ್ತೈತೇನು ತಮ್ಮಾ?"

"ಹೌದ್ರಿ ಯವ್ವಾ. ಆದ್ರ ಸದ್ದಿಲ್ಲಂತ. ಬಿದ್ದಿದ್ದು ಹರದು ಹೋಗಂಗಿಲ್ಲಂತ. ಬಿದ್ದಲ್ಲೇ ನಿಂದರ್ತೈತಂತ."

"ಬೆಳ್ಳಗ?"

"ಬೆಳ್ಳಗ."

"ಅಂದ್ರ ಅಲ್ಲಿ ಏನೂ ಹೋಗಿಲ್ಲ," ಎಂದಳು ಹಂಪವ್ವ, ತನಗೆ ತಾನೇ ಹೇಳಿಕೊಳ್ಳುವ ಹಾಗೆ. "ಬಿಳಿನ ಬಂದಿದ್ದು."

ನಾನು ಬಟ್ಟೆ ಬಿಚ್ಚಿ ಚಿತ್ರ ತೋರಿಸಿದೆ. ಅವಳು ದೂರದಿಂದಲೇ ನೋಡಿದಳು. ಮರದ ಬುಡದಲ್ಲಿ ನನ್ನ ಹಸಿರು, ಎಮ್ಮೆ ಮೇಯುವ ಹುಲ್ಲಿನ ಹಾಗೆ.

"ತಗಿ ಅದನ್ನ."

"ನೀರು ಮುಟ್ಟಿಸದ ತಗಿಯಾಕ ಬರಂಗಿಲ್ರಿ. ನೀರು ಒಂಚೂರು ಆಕಡೆ ಸರದ್ರ ಮರಾ, ಸಮುದ್ರ ಎಲ್ಲಾ ಹೋಗ್ತಾವ. ಬರೇ ಕಾಗದ ಉಳಿತೈತಿ. ಹಂಗ ಬಿಟ್ರ ಚಿತ್ರರ ಇರ್ತೈತಿ."

"ಆ ಮನಷ್ಯಾ ಕಾಲಿಡದ ಬಿಟ್ಟ ಜಾಗದಾಗ ಹುಲ್ಲು ಕುಂದ್ರಿಸಿ ನಾ ಏನ್ ನೋಡ್ಲೋ? ಹೋದ್ರ ಹೋಗ್ಲಿ. ಸುಳ್ಳು ಬ್ಯಾಡ."

ಮಾವನಿಗೆ ಸುದ್ದಿ ಮುಟ್ಟಲು ಎಷ್ಟು ಹೊತ್ತು. ಮರುದಿನ ಬೆಳಗ್ಗೆ ನಾನು ಕುಂಚ ಆರಿಸುತ್ತಿದ್ದಾಗ ಬಂದು ಎದುರು ನಿಂತ. "ತುಂಬಿದ್ದನ್ನ ತುಂಬಿದವನ ತಗದಾ ಅಂದ್ರ ಅವ ನಮ್ಮವಲ್ಲ. ನಾಳಿಂದ ಏಣಿ ಮುಟ್ಟಬ್ಯಾಡ." ಮುಟ್ಟುವುದಿಲ್ಲ ಎಂದೆ. ಅವನು ಇನ್ನೂ ಏನೋ ನಿರೀಕ್ಷಿಸಿ ನಿಂತಿದ್ದ. ನಾನು ಜಗಳ ಆಡುತ್ತೇನೆ ಎಂದುಕೊಂಡಿದ್ದನೇನೋ. ನನ್ನ ಕೈ ನಡುಗಬಾರದಿತ್ತು, ಅದಕ್ಕೆ ಜಗಳ ಆಡಲಿಲ್ಲ.

ಮೋಡವಿಲ್ಲದ ದಿನ. ಹಂಪವ್ವನ ಪಡಸಾಲೆಯಲ್ಲಿ ಬಾಗಿಲಿನ ಬೆಳಕಿಗೆ ಚಾಪೆ ಹಾಸಿ ಕೂತೆ. ಕುಂಚದ ಕೂದಲನ್ನೆಲ್ಲ ಕತ್ತರಿಸಿ ಮೂರೇ ಮೂರು ಉಳಿಸಿಕೊಂಡಿದ್ದೆ. ಕಂಚಿನ ಬಟ್ಟಲಲ್ಲಿ ನೀರು. ಕುಂಚವನ್ನು ಅದ್ದಿ, ಬಟ್ಟೆಗೆ ಒತ್ತಿ, ಒದ್ದೆ ಇದೆಯೋ ಇಲ್ಲವೋ ಎನ್ನುವಷ್ಟು ಒದ್ದೆ ಉಳಿಸಿಕೊಂಡು, ಹಸಿರಿನ ನಟ್ಟನಡುವೆ ಮುಟ್ಟಿಸಿದೆ. ಸಾಸಿವೆಯಷ್ಟು ಜಾಗ ಬೆಳ್ಳಗಾಯಿತು. ಉಸಿರು ಬಿಟ್ಟೆ. ಮತ್ತೆ ಅದ್ದಿದೆ, ಒತ್ತಿದೆ, ಮುಟ್ಟಿಸಿದೆ. ನೀರು ಹಸಿರಾದ ಕೂಡಲೇ ಹಂಪವ್ವ ಬಟ್ಟಲು ಬದಲಿಸುತ್ತಿದ್ದಳು, ಬದಲಿಸಿ ಮತ್ತೆ ಹಿಂದಿನ ಗೋಡೆಗೆ ಹೋಗಿ ಆತು ನಿಲ್ಲುತ್ತಿದ್ದಳು. ಸೆರಗನ್ನು ಬಾಯಿಗೆ ಕಟ್ಟಿಕೊಂಡಿದ್ದಳು, ಉಸಿರಿನ ಹಸಿಯೂ ತಾಗಬಾರದೆಂದು. ಬೆವರು ಹಣೆಯಿಂದ ಇಳಿದರೆ ನಾನು ತಲೆಯನ್ನು ಬದಿಗೆ ಜಾಡಿಸಿ ಚಾಪೆಯ ಆಚೆ ಬೀಳಿಸುತ್ತಿದ್ದೆ. ಬಾಗಿಲಲ್ಲಿ ಜನ ಸೇರಿದ್ದರು. ಯಾರೋ ಕೆಮ್ಮಲು ಹೋಗಿ ನುಂಗಿದರು.

ಹಸಿರು ಹೋದಲ್ಲೆಲ್ಲ ಕಾಗದ ಮೇಲೆದ್ದು ಬರುತ್ತಿತ್ತು. ಅದೇ ಬಿಳಿ. ಆದರೆ ಈಗ ಅದು ಏನೆಂದು ಗೊತ್ತಿದ್ದ ಕಣ್ಣಿಗೆ ಬೇರೆಯೇ ಕಂಡಿತು. ಅದು ಬಿದ್ದಿತ್ತು. ಮೇಲಿನಿಂದ, ಸದ್ದಿಲ್ಲದೆ, ಬೆಳಗಿನಿಂದ ಬಿದ್ದು, ದ್ಯಾಮಣ್ಣನನ್ನು ಮುಚ್ಚಿ ಕೂತಿತ್ತು. ಅದರ ಹತ್ತಿರ ಹೋಗುತ್ತ ಹೋಗುತ್ತ ನನ್ನ ಬೆರಳ ತುದಿಗಳು ನಿಜವಾಗಿಯೂ ತಣ್ಣಗಾದವು. ಬಾಗಿಲಲ್ಲಿದ್ದವರಿಗೂ ಏನೋ ತಾಗಿರಬೇಕು. ಒಬ್ಬೊಬ್ಬರೇ ಚಪ್ಪಲಿ ಕಳಚಿದ್ದನ್ನು ಓರೆಗಣ್ಣಿನಲ್ಲಿ ನೋಡಿದೆ.

ಮಧ್ಯಾಹ್ನ ತಿರುಗಿದಾಗ ಉಳಿದದ್ದು ಸಮುದ್ರದ ಅಂಚಿಗೆ ಅಂಟಿದ ಒಂದು ಎಳೆ ಹಸಿರು. ಹೊಸ ನೀರು ತರಿಸಿದೆ. ಒಂದೇ ಕೂದಲಿನ ತುದಿಯಿಂದ ಮುಟ್ಟಿಸಿದೆ. ಹಸಿರು ಹೋಯಿತು. ಅದರ ಹಿಂದೆಯೇ, ನಾನು ಕೈ ಎತ್ತುವಷ್ಟರಲ್ಲಿ, ಆ ಮನುಷ್ಯ ನಿಲ್ಲಿಸಿದ್ದ ಕಪ್ಪು ಅಂಚು ಕರಗಿ, ಅಕ್ಕಿಕಾಳಿನುದ್ದದ ಸಮುದ್ರ ಬೆಳ್ಳಗಾಯಿತು. ಅಲ್ಲಿಗೆ ನಿಂತಿತು.

ನಾನು ಕುಂಚವನ್ನು ಬಟ್ಟಲಿನ ನೀರಿಗೆ ಬಿಟ್ಟೆ. "ಯವ್ವಾ, ಸಮುದ್ರ ಒಂಚೂರು ಹೋತ್ರಿ," ಎಂದೆ.

ಹಂಪವ್ವ ಗೋಡೆ ಬಿಟ್ಟು ಬಂದಳು. ಸೆರಗಿನಿಂದ ಕಣ್ಣನ್ನು ಒತ್ತಿ ಒರೆಸಿ, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಮೊದಲ ಸಲ ಚಿತ್ರದ ಹತ್ತಿರಕ್ಕೆ ಬಗ್ಗಿದಳು. ಮರ ನೋಡಿದಳು, ಬುಡ ನೋಡಿದಳು, ದಂಡೆ ಸ್ವಲ್ಪ ಮುಂದೆ ಬಂದಿದ್ದ ಜಾಗವನ್ನು ಬಹಳ ಹೊತ್ತು ನೋಡಿದಳು.

"ಹೋಗ್ಲಿ ಬಿಡು," ಎಂದಳು. "ಜೀವಮಾನ ಎಲ್ಲಾ ನೀರಿನ ಮ್ಯಾಲ ಇದ್ರು. ಅವ್ರಿಗೆ ನೆಲ ಒಂದೀಟು ಜಾಸ್ತಿ ಆತು."

ಅವಳು ಚಿತ್ರವನ್ನು ಮಳೆ ಬಾರದ ಒಳಗೋಡೆಗೆ ತೂಗುಹಾಕಿದಳು. ಜನ ಸಾಲಾಗಿ ಒಳಗೆ ಬಂದು ನೋಡತೊಡಗಿದರು. ನಾನು ಬಟ್ಟಲು ಎತ್ತಿಕೊಂಡೆ. ನನ್ನ ಕೊನೆಯ ಎಳೆ ಹಸಿರು ಅದರಲ್ಲಿ ಕಾಣುತ್ತಲೇ ಇರಲಿಲ್ಲ, ಅಷ್ಟು ಕಡಿಮೆ ಇತ್ತು ಅದು. ನೀರು ಬೂದಾಗಿತ್ತು. ತೆಳು ಬೂದು, ಅಲ್ಲಿನ ಸಮುದ್ರದ್ದೇ. ದ್ಯಾಮಣ್ಣನ ಪಕ್ಕದ ಆ ಸಮುದ್ರವನ್ನು ಬಚ್ಚಲಿಗೆ ಚೆಲ್ಲಲು ಕೈ ಬರಲಿಲ್ಲ. ಎರಡೂ ಕೈಯಲ್ಲಿ ಹಿಡಿದುಕೊಂಡು ಬೀದಿಗೆ ಇಳಿದೆ. ಎಲ್ಲಿಗೆ ಒಯ್ಯುತ್ತೇನೆ ಎಂದು ನನಗೂ ಗೊತ್ತಿರಲಿಲ್ಲ. ಎದುರಿಗೆ ಬಂದವರು ಬಟ್ಟಲು ನೋಡಿ, ಏನೂ ಕೇಳದೆ, ಬದಿಗೆ ಸರಿದು ದಾರಿ ಬಿಟ್ಟರು. ತುಳುಕದ ಹಾಗೆ, ಒಂದೊಂದೇ ಹೆಜ್ಜೆ ಇಡುತ್ತ ನಡೆದೆ.